ಇಳಿವಯಸ್ಸಿನಲ್ಲಿ ಜಠರದ ಒಳಪೊರೆ: ಕುಗ್ಗುವ ರಕ್ಷಣೆ, ತಡವಾಗುವ ದುರಸ್ತಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಅಡಿಕೆ ಸೀಮೆಯಲ್ಲಿ ತೋಟದ ಕೆಲಸಕ್ಕೆ ನಿವೃತ್ತಿಯ ವಯಸ್ಸೆಂಬುದು ಇಲ್ಲ. ಶಿರಸಿ ತಾಲ್ಲೂಕಿನ ಹೆಗಡೆಕಟ್ಟಾ ಮತ್ತು ಅದರ ಸುತ್ತಣ ಊರುಗಳಲ್ಲಿ ಎಪ್ಪತ್ತರ ಹತ್ತಿರ ಬಂದವರೂ ಸೊಪ್ಪಿನ ಬೆಟ್ಟದ ಏರು ಹತ್ತುವುದು, ಕೊಯ್ಲಿನ ತಿಂಗಳುಗಳಲ್ಲಿ ಮೆಟ್ಟುಗತ್ತಿಯ ಮುಂದೆ ರಾತ್ರಿಯವರೆಗೂ ಕುಳಿತು ಅಡಿಕೆ ಸುಲಿಯುವುದು ಸಾಮಾನ್ಯ ನೋಟ. ಓದಿದ ಮಕ್ಕಳು ಬೆಂಗಳೂರು ಮೊದಲಾದ ನಗರಗಳಲ್ಲಿ ನೆಲೆಸಿರುವ ಮನೆಗಳಲ್ಲಿ ತೋಟದ ಭಾರ ಹಿರಿಯರ ಮೇಲೆಯೇ ಉಳಿದಿದೆ. ಇಂಥ ಬದುಕಿನಲ್ಲಿ ಮೊಣಕಾಲು, ಸೊಂಟ, ಬೆನ್ನುಗಳ ನೋವು ಒಂದು ವಯಸ್ಸಿನ ಅನಂತರ ಬಿಡದ ಸಂಗಾತಿಯಾಗುತ್ತದೆ. ಅದರ ಹಿಂದೆಯೇ ನೋವಿನ ಗುಳಿಗೆಯೂ ಮನೆಯೊಳಗೆ ಬರುತ್ತದೆ. ಗುಳಿಗೆಯಿಂದ ಹೊಟ್ಟೆ ಕೆಟ್ಟಾಗ ಅದಕ್ಕೆ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಹೆಸರು, ಆಮ್ಲ ಹೆಚ್ಚಾಗಿದೆ ಎಂಬ ಒಂದೇ ವಿವರಣೆ.

ಹಿರಿಯರ ವಿಷಯದಲ್ಲಿ ಈ ವಿವರಣೆ ಬಹುಮಟ್ಟಿಗೆ ದಾರಿ ತಪ್ಪಿಸುವಂಥದು. ಇಳಿವಯಸ್ಸಿನಲ್ಲಿ ಜಠರದ ಆಮ್ಲ ಏರುವುದಿಲ್ಲ. ಆ ಆಮ್ಲವನ್ನು ತಡೆದು ನಿಂತಿರುವ ಒಳಪೊರೆಯ ಬಲ ಇಳಿಯುತ್ತದೆ, ಗಾಯವಾದರೆ ಮಾಯುವ ವೇಗವೂ ಇಳಿಯುತ್ತದೆ. ಮಳೆ ಹೆಚ್ಚಾಗಿ ಮನೆ ಸೋರುವುದು ಬೇರೆ, ಹೆಂಚು ಸರಿದು ಸೋರುವುದು ಬೇರೆ. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆಯಲ್ಲಿ ಶೇ. 9.5ರಷ್ಟು ಮಂದಿ ಅರವತ್ತು ತುಂಬಿದವರಾಗಿದ್ದರು. ಹಿರಿಯರ ಪ್ರಮಾಣ ಏರುತ್ತಿರುವ ನಾಡಿನಲ್ಲಿ ಈ ವ್ಯತ್ಯಾಸವನ್ನು ತಿಳಿಯುವುದು ಶಾಸ್ತ್ರದ ಕುತೂಹಲಕ್ಕಷ್ಟೇ ಸೀಮಿತವಾದ ಮಾತಲ್ಲ. ಮುದಿ ಜಠರದ ಒಳಪೊರೆಯಲ್ಲಿ ಏನು ಬದಲಾಗುತ್ತದೆ, ಆ ಬದಲಾವಣೆ ಸಣ್ಣ ಪೆಟ್ಟನ್ನು ಹೇಗೆ ದೊಡ್ಡ ಗಾಯವಾಗಿಸುತ್ತದೆ ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಒಳಪೊರೆಯ ರಚನೆ ಮತ್ತು ಕಾರ್ಯ

ವಯಸ್ಕ ಮನುಷ್ಯನ ಜಠರ ದಿನವೊಂದಕ್ಕೆ ಸುಮಾರು ಒಂದೂವರೆಯಿಂದ ಎರಡು ಲೀಟರಿನಷ್ಟು ರಸವನ್ನು ಸ್ರವಿಸುತ್ತದೆ. ಇದರಲ್ಲಿ ಪ್ರಬಲವಾದ ಹೈಡ್ರೊಕ್ಲೋರಿಕ್ ಆಮ್ಲವೂ ಮಾಂಸಾಂಶವನ್ನು ಕರಗಿಸುವ ಪೆಪ್ಸಿನ್ ಎಂಬ ಕಿಣ್ವವೂ ಇವೆ. ಮಾಂಸವನ್ನೇ ಜೀರ್ಣಿಸಬಲ್ಲ ಈ ರಸ ಮಾಂಸದಿಂದಲೇ ಆದ ಜಠರವನ್ನು ಏಕೆ ಜೀರ್ಣಿಸುವುದಿಲ್ಲ ಎಂಬುದು ಶರೀರಕ್ರಿಯಾ ಶಾಸ್ತ್ರದ ಹಳೆಯ ಪ್ರಶ್ನೆ. ಇದಕ್ಕೆ ದೊರೆತಿರುವ ಉತ್ತರ ಮೂರು ಸುತ್ತಿನ ಕೋಟೆಯೊಂದರ ವರ್ಣನೆಯಂತಿದೆ.

ಮೊದಲನೆಯದು ಒಳಪೊರೆಯ ಮೇಲೆ ಹರಡಿರುವ ಲೋಳೆಯ ಪದರ. ಮಿಲಿಮೀಟರಿನ ಅಲ್ಪಾಂಶದಷ್ಟೇ ದಪ್ಪವಿರುವ ಈ ಪದರದೊಳಗೆ ಮೇಲ್ಮೈ ಕೋಶಗಳು ಬೈಕಾರ್ಬೊನೇಟ್ ಕ್ಷಾರವನ್ನು ಬಿಡುತ್ತಿರುತ್ತವೆ. ಆದ್ದರಿಂದ ಲೋಳೆಯ ಹೊರಬದಿಯಲ್ಲಿ ಆಮ್ಲ ಅತಿ ತೀಕ್ಷ್ಣವಾಗಿದ್ದರೂ ಕೋಶಗಳನ್ನು ಮುಟ್ಟುವ ಒಳಬದಿಯಲ್ಲಿ ಸ್ಥಿತಿ ಬಹುತೇಕ ತಟಸ್ಥವಾಗಿರುತ್ತದೆ. ಎರಡನೆಯದು ಒತ್ತಾಗಿ ಹೆಣೆದುಕೊಂಡ ಮೇಲ್ಮೈ ಕೋಶಗಳ ಸಾಲು. ಈ ಕೋಶಗಳು ಕೆಲವೇ ದಿನಗಳಲ್ಲಿ ಸವೆದು ಉದುರುತ್ತವೆ, ಕೆಳಗಿನಿಂದ ಹೊಸ ಕೋಶಗಳು ಎದ್ದು ಬರುತ್ತವೆ. ಮೂರನೆಯದು ಪೊರೆಯಡಿಯ ಸೂಕ್ಷ್ಮ ರಕ್ತನಾಳಗಳ ಜಾಲ. ಒಳನುಗ್ಗಿದ ಆಮ್ಲವನ್ನು ತೊಳೆದು ಸಾಗಿಸುವುದು, ಆಮ್ಲಜನಕ ಹಾಗೂ ಬೈಕಾರ್ಬೊನೇಟನ್ನು ಒದಗಿಸುವುದು ಈ ಜಾಲದ ಕೆಲಸ.

ಈ ಮೂರೂ ಸುತ್ತುಗಳನ್ನು ಹದದಲ್ಲಿಡುವ ಸಂದೇಶವಾಹಕಗಳಲ್ಲಿ ಪ್ರಾಸ್ಟಗ್ಲಾಂಡಿನ್‌ಗಳು ಮುಖ್ಯವಾದವು. ಲೋಳೆಯ ಉತ್ಪಾದನೆ, ಕ್ಷಾರದ ಸ್ರಾವ, ರಕ್ತದ ಹರಿವು ಇವೆಲ್ಲವನ್ನೂ ಅವು ಪ್ರಚೋದಿಸುತ್ತವೆ. ಆಸ್ಪಿರಿನ್ ಪ್ರಾಸ್ಟಗ್ಲಾಂಡಿನ್‌ಗಳ ತಯಾರಿಕೆಯನ್ನು ತಡೆಯುತ್ತದೆ ಎಂಬುದನ್ನು ಬ್ರಿಟನ್ನಿನ ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. 1982ರ ನೊಬೆಲ್ ಪುರಸ್ಕಾರದಲ್ಲಿ ಅವರು ಭಾಗಿಯಾದರು. 1979ರಲ್ಲಿ ಅಮೆರಿಕದ ಆಂಡ್ರೆ ರಾಬರ್ಟ್ ಮತ್ತು ಸಂಗಡಿಗರು ಅತ್ಯಲ್ಪ ಪ್ರಮಾಣದ ಪ್ರಾಸ್ಟಗ್ಲಾಂಡಿನ್ ಕೊಟ್ಟ ಇಲಿಗಳ ಜಠರ, ಶುದ್ಧ ಮದ್ಯಸಾರ, ತೀಕ್ಷ್ಣ ಆಮ್ಲ, ಕುದಿನೀರುಗಳ ದಾಳಿಯನ್ನೂ ತಾಳಿಕೊಂಡುದನ್ನು ವರದಿ ಮಾಡಿದರು. ಆಮ್ಲವನ್ನು ಕಡಿಮೆ ಮಾಡದೆಯೂ ಜಠರವನ್ನು ಕಾಪಾಡಬಹುದೆಂಬ ಅರಿವು ಅಲ್ಲಿಂದ ಗಟ್ಟಿಯಾಯಿತು.

ಆಮ್ಲದ ಕುರಿತ ತಪ್ಪು ತಿಳಿವಳಿಕೆ

ವಯಸ್ಸಾದಂತೆ ಆಮ್ಲ ತಾನಾಗಿ ಕಡಿಮೆಯಾಗುತ್ತದೆಂದು ವೈದ್ಯಗ್ರಂಥಗಳು ಬಹುಕಾಲ ಹೇಳುತ್ತಿದ್ದವು. ಜನರ ನಂಬಿಕೆ ಇದಕ್ಕೆ ವಿರುದ್ಧವಾದುದು. ಎರಡೂ ಪೂರ್ತಿ ನಿಜವಲ್ಲ. ಆರೋಗ್ಯವಂತ ಹಿರಿಯರಲ್ಲಿ ಆಮ್ಲದ ಸ್ರಾವ ಹೆಚ್ಚುಕಡಿಮೆ ತರುಣರಷ್ಟೇ ಇರುತ್ತದೆ. ಅದು ಕುಗ್ಗಿರುವವರಲ್ಲಿ ಸಾಮಾನ್ಯವಾಗಿ ಬೇರೊಂದು ಕಾರಣವಿರುತ್ತದೆ. ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಬಾಲ್ಯದಲ್ಲೇ ಜಠರವನ್ನು ಹೊಕ್ಕು ದಶಕಗಳ ಕಾಲ ಉರಿಯೂತವನ್ನು ನಡೆಸಿ, ಕೊನೆಗೆ ಆಮ್ಲ ಸ್ರವಿಸುವ ಗ್ರಂಥಿಗಳನ್ನೇ ಸವೆಸಿರುತ್ತದೆ. ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1982ರಲ್ಲಿ ಗುರುತಿಸಿದ ಈ ಜೀವಿಯ ಸೋಂಕು ಭಾರತದ ವಯಸ್ಕರಲ್ಲಿ ಅತಿ ವ್ಯಾಪಕವಾಗಿದೆ. ಅವರಿಬ್ಬರಿಗೂ 2005ರಲ್ಲಿ ನೊಬೆಲ್ ಪುರಸ್ಕಾರ ಸಂದಿತು.

ಆಕ್ರಮಣದ ಬಲ ಹಾಗೆಯೇ ಇದ್ದು ಅಥವಾ ತುಸು ಇಳಿದೂ ಗಾಯಗಳು ಹೆಚ್ಚುತ್ತವೆ ಎಂದರೆ, ಕಾರಣವನ್ನು ರಕ್ಷಣೆಯ ಕಡೆಯಲ್ಲೇ ಹುಡುಕಬೇಕಾಗುತ್ತದೆ.

ರಕ್ಷಣೆ ಕುಗ್ಗುವ ಬಗೆ

ಈ ಹುಡುಕಾಟದಲ್ಲಿ ದೊರೆತ ಮೊದಲ ಸುಳಿವು ಪ್ರಾಸ್ಟಗ್ಲಾಂಡಿನ್‌ಗಳದೇ. ಅಮೆರಿಕದಲ್ಲಿ ಬೈರನ್ ಕ್ರಯರ್, ಮಾರ್ಕ್ ಫೆಲ್ಡ್‌ಮನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಅಧ್ಯಯನ, ವಯಸ್ಸು ಏರಿದಂತೆ ಮನುಷ್ಯರ ಜಠರದ ಒಳಪೊರೆಯಲ್ಲಿ ಇವುಗಳ ಸಾಂದ್ರತೆ ಇಳಿಯುತ್ತದೆಂದು ತೋರಿಸಿತು. ಬೈಕಾರ್ಬೊನೇಟ್ ಸ್ರಾವವೂ ಲೋಳೆಯ ಗುಣವೂ ಇಳಿಮುಖವಾಗುವುದನ್ನು ಇತರ ಅಧ್ಯಯನಗಳು ಗುರುತಿಸಿವೆ. ಹೀಗೆ ಕೋಟೆಯ ಮೊದಲ ಸುತ್ತು ಯಾವ ಕಾಯಿಲೆಯೂ ಇಲ್ಲದೆಯೇ ತೆಳುವಾಗುತ್ತದೆ.

ಇದಕ್ಕಿಂತ ಗಂಭೀರವಾದುದು ರಕ್ತದ ಹರಿವಿನ ಇಳಿತ. ಪ್ರಯೋಗಶಾಲೆಯ ಮುದಿ ಇಲಿಗಳಲ್ಲಿ ಒಳಪೊರೆಗೆ ಹರಿಯುವ ರಕ್ತ ಎಳೆಯ ಇಲಿಗಳಲ್ಲಿರುವುದಕ್ಕಿಂತ ಗಣನೀಯವಾಗಿ ಕಡಿಮೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎಳೆಯ ಜಠರಕ್ಕೆ ಆಮ್ಲ ಒಳಸೋರಿದ ಕೂಡಲೇ ಸಂವೇದನಾ ನರಗಳು ಎಚ್ಚರಗೊಂಡು ರಕ್ತನಾಳಗಳನ್ನು ಹಿಗ್ಗಿಸುತ್ತವೆ. ನೆರೆಯ ನೀರಿನಂತೆ ರಕ್ತ ಉಕ್ಕಿ ಬಂದು ಆಮ್ಲವನ್ನು ತೊಳೆಯುತ್ತದೆ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್‌ಗೆ ಸ್ಪಂದಿಸುವ ನರಗಳೇ ಇವು. ಮುದಿ ಇಲಿಗಳಲ್ಲಿ ಈ ನರಗಳ ಸ್ಪಂದನ ಮಂದವಾಗಿರುವುದು ಕಂಡುಬಂದಿದೆ. ಅಲ್ಲಿ ಆಮ್ಲ ಒಳಸೋರಿದರೂ ರಕ್ತದ ಪ್ರವಾಹ ತಕ್ಕಷ್ಟು ಏರುವುದಿಲ್ಲ.

ರಕ್ತ ಕಡಿಮೆಯಾದ ಒಳಪೊರೆ ಆಮ್ಲಜನಕದ ಕೊರತೆಯಲ್ಲೇ ದಿನ ನೂಕುತ್ತದೆ. ಈ ಕೊರತೆಯ ಪರಿಣಾಮವನ್ನು ಕೋಶದ ಒಳಗಿನವರೆಗೂ ಬೆನ್ನಟ್ಟಿದವರಲ್ಲಿ ಕ್ಯಾಲಿಫೋರ್ನಿಯದ ಆಂಡ್ರೆಯ್ ಟಾರ್ನಾವ್ಸ್ಕಿ ಮತ್ತು ಅವರ ಸಹೋದ್ಯೋಗಿಗಳು ಪ್ರಮುಖರು. ಅಮೃತಾ ಅಹ್ಲುವಾಲಿಯಾ ಅವರೂ ಈ ತಂಡದಲ್ಲಿದ್ದರು. 2007ರಲ್ಲಿ ‘ಗ್ಯಾಸ್ಟ್ರೊಎಂಟರಾಲಜಿ’ ಪತ್ರಿಕೆಯಲ್ಲಿ ಪ್ರಕಟವಾದ ಅವರ ಲೇಖನ ಮುದಿ ಜಠರದ ಈ ಸ್ಥಿತಿಗೆ ‘ಏಜಿಂಗ್ ಗ್ಯಾಸ್ಟ್ರೋಪತಿ’ ಎಂಬ ಹೆಸರಿಟ್ಟು, ಘಟನೆಗಳ ಸರಪಳಿಯೊಂದನ್ನು ಮುಂದಿಟ್ಟಿತು. ಆಮ್ಲಜನಕದ ಕೊರತೆಯಿಂದ ‘ಪಿಟೆನ್’ ಎಂಬ ಪ್ರೋಟೀನು ಹೆಚ್ಚುತ್ತದೆ. ಕೋಶಕ್ಕೆ ಬದುಕಿ ಉಳಿ ಎಂಬ ಆದೇಶ ನೀಡುವ ವ್ಯವಸ್ಥೆಯನ್ನು ಪಿಟೆನ್ ಅದುಮುತ್ತದೆ. ಕೋಶದ ಸಾವನ್ನು ತಡೆಯುವ ‘ಸರ್ವೈವಿನ್’ ಎಂಬ ಇನ್ನೊಂದು ಪ್ರೋಟೀನು ಇಳಿಯುತ್ತದೆ, ಸಾವಿಗೆ ದಾರಿ ಮಾಡುವ ಕಿಣ್ವಗಳು ಏರುತ್ತವೆ. ಮುದಿ ಇಲಿಗಳಲ್ಲಿ ಪಿಟೆನ್ ತಯಾರಿಕೆಯನ್ನು ಕೃತಕವಾಗಿ ತಗ್ಗಿಸಿದಾಗ ಮದ್ಯಸಾರದಿಂದ ಆಗುವ ಹಾನಿಯ ಹೆಚ್ಚಳ ಇಲ್ಲವಾಯಿತು. ಮುಪ್ಪಿನಿಂದ ಬಂದ ದೌರ್ಬಲ್ಯದ ಒಂದು ಭಾಗವಾದರೂ ಹಿಂದಿರುಗಿಸಲು ಸಾಧ್ಯವಾದುದು ಎಂಬುದನ್ನು ಈ ಫಲಿತಾಂಶ ಸೂಚಿಸುತ್ತದೆ. ಮನುಷ್ಯರ ಜಠರದ ಮಾದರಿಗಳಲ್ಲೂ ಇದೇ ದಿಕ್ಕಿನ ಬದಲಾವಣೆ ಕಂಡುಬಂದಿದೆಯಾದರೂ, ಇದನ್ನು ಆಧರಿಸಿದ ಔಷಧ ಇನ್ನೂ ಬಳಕೆಗೆ ಬಂದಿಲ್ಲ.

ದುರಸ್ತಿಯ ವಿಳಂಬ

ಗಾಯವಾಗದ ಜಠರ ಯಾರದೂ ಇಲ್ಲ. ಗಟ್ಟಿ ಆಹಾರದ ತುಣುಕು, ಅತಿ ಬಿಸಿಯಾದ ಕಷಾಯ, ಒಂದು ಗುಳಿಗೆ ಇವೆಲ್ಲ ಒಳಪೊರೆಯಲ್ಲಿ ಅಲ್ಲಲ್ಲಿ ಸಣ್ಣ ತರಚುಗಳನ್ನು ಉಂಟುಮಾಡಬಲ್ಲವು. ಎಳೆಯ ಜಠರ ಅವುಗಳನ್ನು ಬೇಗನೆ ಮುಚ್ಚಿಬಿಡುತ್ತದೆ. ತರಚಿನ ಅಂಚಿನ ಕೋಶಗಳು ಚಪ್ಪಟೆಯಾಗಿ ಪಕ್ಕಕ್ಕೆ ಸರಿದು ಬರಿದಾದ ಜಾಗವನ್ನು ಹೊದಿಸುತ್ತವೆ. ಈ ಕೆಲಸ ನಿಮಿಷಗಳಲ್ಲಿ ಆರಂಭವಾಗಿ ಗಂಟೆಗಳಲ್ಲಿ ಮುಗಿಯುತ್ತದೆ. ಗಾಯ ಆಳವಾಗಿದ್ದರೆ ಹೊಸ ಕೋಶಗಳ ಹುಟ್ಟು, ಹೊಸ ರಕ್ತನಾಳಗಳ ಚಿಗುರು, ಕೂಡಿಸುವ ಅಂಗಾಂಶದ ತುಂಬುವಿಕೆ ಇವು ಕ್ರಮವಾಗಿ ನಡೆಯಬೇಕು. ಅದಕ್ಕೆ ವಾರಗಳೇ ಹಿಡಿಯುತ್ತವೆ.

ಮುಪ್ಪಿನಲ್ಲಿ ಈ ಎರಡೂ ಹಂತಗಳು ನಿಧಾನಗೊಳ್ಳುತ್ತವೆ. ಕೋಶ ವಿಭಜನೆಗೆ ಪ್ರೇರಣೆ ನೀಡುವ ಬೆಳವಣಿಗೆಯ ಅಂಶಗಳಿಗೆ ಮುದಿ ಒಳಪೊರೆಯ ಸ್ಪಂದನ ಕ್ಷೀಣವಾಗಿರುತ್ತದೆ. ಹೊಸ ರಕ್ತನಾಳಗಳ ಹುಟ್ಟಿಗೆ ಬೇಕಾದ ಅಂಶವೂ ಕಡಿಮೆಯಾಗುತ್ತದೆ. ರಕ್ತನಾಳ ಚಿಗುರದ ಗಾಯದ ತಳಕ್ಕೆ ಪೋಷಣೆಯಿಲ್ಲ. ಪೋಷಣೆಯಿಲ್ಲದ ಗಾಯ ಮಾಯುವುದಿಲ್ಲ. ಹಿಂದಿನ ತರಚು ಮುಚ್ಚುವ ಮೊದಲೇ ಮರುದಿನದ ಗುಳಿಗೆ ಅಲ್ಲಿಯೇ ಇನ್ನೊಂದು ಪೆಟ್ಟು ಹಾಕುತ್ತದೆ. ತರುಣನಲ್ಲಿ ರಾತ್ರಿ ಬೆಳಗಾಗುವುದರೊಳಗೆ ಅಳಿಸಿಹೋಗುವ ಗೀರು ಹಿರಿಯರಲ್ಲಿ ಹುಣ್ಣಾಗುವುದು ಹೀಗೆ. ಹುಣ್ಣು ಆಳಕ್ಕಿಳಿದು ರಕ್ತನಾಳವನ್ನು ಕೊರೆದರೆ ರಕ್ತಸ್ರಾವ, ಜಠರದ ಗೋಡೆಯನ್ನೇ ತೂತು ಮಾಡಿದರೆ ತುರ್ತು ಶಸ್ತ್ರಚಿಕಿತ್ಸೆ.

ನೋವಿನ ಗುಳಿಗೆ ಮತ್ತು ಆಸ್ಪಿರಿನ್

ಹಿರಿಯರ ಜಠರದ ಮೇಲೆ ಬೀಳುವ ಪೆಟ್ಟುಗಳಲ್ಲಿ ಮೊದಲ ಸ್ಥಾನ ಡೈಕ್ಲೊಫೆನಾಕ್, ಐಬುಪ್ರೊಫೆನ್, ನ್ಯಾಪ್ರಾಕ್ಸೆನ್, ಅಸಿಕ್ಲೊಫೆನಾಕ್ ಮೊದಲಾದ ಉರಿಯೂತ ನಿವಾರಕ ನೋವಿನ ಗುಳಿಗೆಗಳದು. ಕೀಲಿನ ಉರಿಯೂತವನ್ನು ಹುಟ್ಟಿಸುವ ಪ್ರಾಸ್ಟಗ್ಲಾಂಡಿನ್‌ಗಳನ್ನು ತಡೆಯುವುದೇ ಇವು ನೋವನ್ನು ಶಮನಗೊಳಿಸುವ ಕ್ರಮ. ಆದರೆ ಅದೇ ಏಟಿಗೆ ಜಠರವನ್ನು ಕಾಯುವ ಪ್ರಾಸ್ಟಗ್ಲಾಂಡಿನ್‌ಗಳೂ ನಿಂತುಹೋಗುತ್ತವೆ. ವಯಸ್ಸಿನಿಂದಾಗಿ ಮೊದಲೇ ಅರೆಬರೆಯಾಗಿದ್ದ ರಕ್ಷಣೆಯನ್ನು ಗುಳಿಗೆ ಇನ್ನಷ್ಟು ಬರಿದು ಮಾಡುತ್ತದೆ. ಅರವತ್ತೈದು ಮೀರಿದ ವಯಸ್ಸು, ಹಿಂದೆ ಹುಣ್ಣಾಗಿದ್ದ ಚರಿತ್ರೆ, ಗುಳಿಗೆಯ ಹೆಚ್ಚಿನ ಪ್ರಮಾಣ, ಜೊತೆಯಲ್ಲಿ ಆಸ್ಪಿರಿನ್, ಸ್ಟಿರಾಯ್ಡ್ ಅಥವಾ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಗಳ ಸೇವನೆ ಇವನ್ನು ವೈದ್ಯಕೀಯ ಮಾರ್ಗಸೂಚಿಗಳು ಅಪಾಯದ ಮುಖ್ಯ ಲಕ್ಷಣಗಳೆಂದು ಎಣಿಸುತ್ತವೆ.

ಇಲ್ಲಿ ಎರಡು ತಪ್ಪು ನಂಬಿಕೆಗಳನ್ನು ನಿವಾರಿಸುವುದು ಅಗತ್ಯ. ಗುಳಿಗೆಯ ಬದಲು ಇಂಜೆಕ್ಷನ್ ತೆಗೆದುಕೊಂಡರೆ ಹೊಟ್ಟೆಗೆ ತೊಂದರೆಯಿಲ್ಲ ಎಂಬುದು ಒಂದು. ಔಷಧ ರಕ್ತದ ಮೂಲಕವೂ ಒಳಪೊರೆಯನ್ನು ತಲುಪಿ ಪ್ರಾಸ್ಟಗ್ಲಾಂಡಿನ್‌ಗಳನ್ನು ತಡೆಯುವುದರಿಂದ ಇಂಜೆಕ್ಷನ್ನಿನಿಂದಲೂ ಹುಣ್ಣಾಗಬಹುದು. ಊಟವಾದ ಮೇಲೆ ನುಂಗಿದರೆ ಅಪಾಯವಿಲ್ಲ ಎಂಬುದು ಇನ್ನೊಂದು. ಊಟ ತಕ್ಷಣದ ಉರಿಯನ್ನು ತಗ್ಗಿಸಬಹುದು. ರಕ್ಷಣೆ ಕಳೆದುಕೊಂಡ ಒಳಪೊರೆಗೆ ಅದು ಕವಚವಾಗಲಾರದು.

ಹೃದಯದ ರಕ್ಷಣೆಗೆಂದು ನುಂಗುವ ಅಲ್ಪ ಪ್ರಮಾಣದ ಆಸ್ಪಿರಿನ್ನಿನ ಲೆಕ್ಕಾಚಾರವೂ ಹಿರಿಯರಲ್ಲಿ ಬೇರೆಯೇ. ಆಸ್ಟ್ರೇಲಿಯ ಮತ್ತು ಅಮೆರಿಕಗಳಲ್ಲಿ ಹೃದ್ರೋಗವಿಲ್ಲದ 19,114 ಹಿರಿಯರನ್ನು ಒಳಗೊಂಡು ನಡೆದ ‘ಆಸ್ಪ್ರೀ’ ಅಧ್ಯಯನದ ಫಲಿತಾಂಶ 2018ರಲ್ಲಿ ಹೊರಬಂದಿತು. ಇವರಲ್ಲಿ ಬಹುತೇಕರು ಎಪ್ಪತ್ತು ದಾಟಿದವರು. ದಿನಕ್ಕೆ 100 ಮಿಲಿಗ್ರಾಂ ಆಸ್ಪಿರಿನ್ ಪಡೆದವರಿಗೆ ಅಂಗವೈಕಲ್ಯವಿಲ್ಲದ ಆಯುಷ್ಯದಲ್ಲಿ ಲಾಭವಾಗಲಿಲ್ಲ. ಗಂಭೀರ ರಕ್ತಸ್ರಾವ ಮಾತ್ರ ಸಾವಿರ ಜನರಿಗೆ ವರ್ಷಕ್ಕೆ 6.2ರಿಂದ 8.6ಕ್ಕೆ ಏರಿತು. ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿಹೋದವರ ಮಾತು ಬೇರೆ. ಅವರಿಗೆ ಆಸ್ಪಿರಿನ್ ಜೀವರಕ್ಷಕ. ತಾವಾಗಿ ನಿಲ್ಲಿಸುವುದು ಅಪಾಯಕರ. ಅಂಥವರ ಬಗೆಗೆ ಆಕ್ಸ್‌ಫರ್ಡಿನ ಪೀಟರ್ ರಾಥ್‌ವೆಲ್ ತಂಡ 2017ರಲ್ಲಿ ನೀಡಿದ ವರದಿ, ಎಪ್ಪತ್ತೈದು ಮೀರಿದವರಲ್ಲಿ ಜಠರದ ರಕ್ತಸ್ರಾವ ಹೆಚ್ಚಾಗಿಯೂ ಹೆಚ್ಚು ಮಾರಕವಾಗಿಯೂ ಇರುವುದನ್ನು ತೋರಿಸಿ, ಆಸ್ಪಿರಿನ್ನಿನೊಡನೆ ಆಮ್ಲ ತಡೆಯುವ ಔಷಧವನ್ನೂ ಕೊಡಬೇಕೆಂದು ವಾದಿಸಿತು. ಅರವತ್ತು ಮೀರಿ ಆಸ್ಪಿರಿನ್ ಸೇವಿಸುವವರಲ್ಲಿ ಪೈಲೋರಿ ಸೋಂಕನ್ನು ನಿರ್ಮೂಲಗೊಳಿಸಿದರೆ ಮೊದಲ ಎರಡೂವರೆ ವರ್ಷ ರಕ್ತಸ್ರಾವ ಕಡಿಮೆಯಾಗುತ್ತದೆ ಎಂಬುದು 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಿಂದ ತಿಳಿದುಬಂದಿದೆ.

ಆಹಾರದ ಪ್ರಶ್ನೆ

ಆಹಾರಕ್ಕೂ ಹುಣ್ಣಿಗೂ ಇರುವ ಸಂಬಂಧದ ಶೋಧದಲ್ಲಿ ಕರ್ನಾಟಕಕ್ಕೆ ಒಂದು ಸ್ಥಾನವಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1950 ಮತ್ತು 60ರ ದಶಕಗಳಲ್ಲಿ ಶಸ್ತ್ರವೈದ್ಯರಾಗಿದ್ದ ಫ್ರಾಂಕ್ ಟೋವಿ, ಇಲ್ಲಿನ ಅನುಭವದಿಂದ ಪ್ರೇರಿತರಾಗಿ ಭಾರತದಲ್ಲಿ ಕರುಳಿನ ಮೊದಲ ಭಾಗದ ಹುಣ್ಣಿನ ಹಂಚಿಕೆಯನ್ನು ಅಭ್ಯಸಿಸಿದರು. ಅವರ ವಿಸ್ತೃತ ಲೇಖನ 1979ರಲ್ಲಿ ‘ಗಟ್’ ಪತ್ರಿಕೆಯಲ್ಲಿ ಬಂದಿತು. ಅಕ್ಕಿ ಮುಖ್ಯ ಆಹಾರವಾದ ಸೀಮೆಗಳಲ್ಲಿ ಈ ಹುಣ್ಣು ಹೆಚ್ಚು, ಹೊಟ್ಟು ತೆಗೆಯದ ಗೋಧಿ ಮತ್ತು ಸಿರಿಧಾನ್ಯಗಳ ಸೀಮೆಗಳಲ್ಲಿ ಕಡಿಮೆ ಎಂಬುದು ಅವರ ಅವಲೋಕನ. ಮುಂದಿನ ಪ್ರಯೋಗಗಳಲ್ಲಿ ಹುರುಳಿಯ ಕೊಬ್ಬಿನಂಶ ಇಲಿಗಳ ಜಠರಕ್ಕೆ ರಕ್ಷಣೆ ನೀಡಿತು. ಅನ್ನವನ್ನೇ ನೆಚ್ಚಿದ ಮಲೆನಾಡಿಗೆ ಇದು ಗಮನಾರ್ಹವಾದ ಮಾತು. ಆದರೆ ಇಲಿಯ ಫಲಿತಾಂಶವನ್ನು ಹಿರಿಯರ ಚಿಕಿತ್ಸೆಯೆಂದು ಭಾವಿಸುವಂತಿಲ್ಲ.

ಖಾರದ ಕಥೆಯೂ ಹೀಗೆಯೇ. ಸಿಂಗಪುರದ ವೈದ್ಯರು 1995ರಲ್ಲಿ 18 ಮಂದಿ ಆರೋಗ್ಯವಂತರಿಗೆ ಮೆಣಸಿನ ಪುಡಿ ಕುಡಿಸಿ ಅನಂತರ ಆಸ್ಪಿರಿನ್ ಕೊಟ್ಟಾಗ, ಬರಿ ನೀರು ಕುಡಿದಾಗಿನದಕ್ಕಿಂತ ಒಳಪೊರೆಯ ಹಾನಿ ಕಡಿಮೆಯಿತ್ತು. ಖಾರ ಹುಣ್ಣಿಗೆ ಮೂಲವೆಂಬ ಸಾಮಾನ್ಯ ತೀರ್ಮಾನವನ್ನು ಈ ಪ್ರಯೋಗ ಪ್ರಶ್ನಿಸಿತು. ಆದರೆ ಖಾರದ ಈ ರಕ್ಷಣೆ ಮೇಲೆ ಹೇಳಿದ ಸಂವೇದನಾ ನರಗಳ ಮೂಲಕ ಬರುವುದೆಂದು ತಿಳಿಯಲಾಗಿದೆ. ಮುಪ್ಪಿನಲ್ಲಿ ಮಂದವಾಗುವುದು ಆ ನರಗಳೇ. ತರುಣರಿಗೆ ಒದಗಿದ ರಕ್ಷಣೆ ಹಿರಿಯರಿಗೂ ಒದಗೀತೆಂದು ನೆಚ್ಚಲಾಗದು. ತಂಬುಳಿ, ಮಜ್ಜಿಗೆಗಳು ಉರಿಗೆ ತಂಪೆನಿಸಬಹುದು. ಅದನ್ನು ಹುಣ್ಣು ಮಾಯುತ್ತಿರುವ ಲಕ್ಷಣವೆಂದು ತಿಳಿಯಬಾರದು.

ಸದ್ದಿಲ್ಲದ ಹುಣ್ಣು

ಇಳಿವಯಸ್ಸಿನ ಜಠರದ ಅತ್ಯಂತ ಅಪಾಯಕರ ಗುಣವೆಂದರೆ ಅದರ ಮೌನ. ಸಂವೇದನೆ ಮಂದವಾಗಿರುವುದರಿಂದಲೂ ನೋವಿನ ಗುಳಿಗೆಯೇ ನೋವನ್ನು ಮರೆಸುವುದರಿಂದಲೂ ಹಿರಿಯರಲ್ಲಿ ಅನೇಕ ಹುಣ್ಣುಗಳು ಹೊಟ್ಟೆನೋವಿಲ್ಲದೆಯೇ ಬೆಳೆಯುತ್ತವೆ. ಮೊದಲ ಲಕ್ಷಣ ಡಾಂಬರಿನಂತೆ ಕಪ್ಪಾದ, ಅಂಟಾದ, ದುರ್ವಾಸನೆಯ ಮಲವಾಗಿರಬಹುದು. ಕಬ್ಬಿಣದ ಗುಳಿಗೆಯಿಂದಲೂ ಮಲ ಕಪ್ಪಾಗುವುದುಂಟು. ಅದನ್ನು ಸೇವಿಸದವರಲ್ಲಿ ಈ ಬಣ್ಣ ಜಠರದ ರಕ್ತಸ್ರಾವದ ಸೂಚನೆ. ಕೆಲವರಲ್ಲಿ ರಕ್ತ ಹನಿಹನಿಯಾಗಿ ತಿಂಗಳುಗಟ್ಟಲೆ ಸೋರಿ, ಏರು ಹತ್ತುವಾಗಿನ ಏದುಸಿರು, ತಲೆಸುತ್ತು, ಬಿಳಿಚಿದ ಮುಖ ಇವುಗಳ ರೂಪದಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ. ವಯಸ್ಸಾಯಿತು ಎಂಬ ಸಮಾಧಾನದಲ್ಲಿ ಅದು ಮುಚ್ಚಿಹೋಗುತ್ತದೆ.

ಮಲೆನಾಡಿನ ಭೂಗೋಳ ಈ ಮೌನಕ್ಕೆ ಇನ್ನಷ್ಟು ಬೆಲೆ ಕೇಳುತ್ತದೆ. ಚದುರಿದ ಒಂಟಿ ಮನೆಗಳು, ಮಳೆಗಾಲದ ರಸ್ತೆಗಳು, ದೊಡ್ಡ ಆಸ್ಪತ್ರೆಗಳಿರುವ ಹುಬ್ಬಳ್ಳಿ ಶಿರಸಿಯಿಂದಲೇ ಸುಮಾರು ನೂರು ಕಿಲೋಮೀಟರ್. ರಕ್ತ ವಾಂತಿಯಾದ ವೃದ್ಧರಿಗೆ ಗಂಟೆಗಳೇ ಜೀವ. ಅವರ ರಕ್ತನಾಳಗಳೂ ಹೃದಯವೂ ಹಠಾತ್ತನೆ ಆಗುವ ರಕ್ತನಷ್ಟವನ್ನು ತರುಣರಂತೆ ಸರಿದೂಗಿಸಲಾರವು.

ಈ ಸೀಮೆಗೆ ವಿಶೇಷವಾದ ಇನ್ನೊಂದು ಎಚ್ಚರಿಕೆ ಮಂಗನ ಕಾಯಿಲೆಗೆ ಸಂಬಂಧಿಸಿದುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಜ್ವರ ಸಿದ್ದಾಪುರ ತಾಲ್ಲೂಕಿನಲ್ಲಿ 2020ರಲ್ಲೂ 2024ರಲ್ಲೂ ಕಾಣಿಸಿಕೊಂಡಿತು. ಇದರಲ್ಲಿ ರಕ್ತದ ಕಿರುಬಿಲ್ಲೆಗಳು ಕುಸಿದು ಒಸಡು, ಮೂಗು, ಜೀರ್ಣಾಂಗಗಳಿಂದ ರಕ್ತಸ್ರಾವವಾಗಬಹುದು. ಕಾಡಿಗೆ ಹೋಗಿಬಂದ ಹಿರಿಯರು ಜ್ವರದ ಮೈಕೈ ನೋವಿಗೆ ಆಸ್ಪಿರಿನ್ ಅಥವಾ ಡೈಕ್ಲೊಫೆನಾಕ್ ನುಂಗಿದರೆ, ತೆಳುವಾದ ಒಳಪೊರೆ, ತಡೆಹಿಡಿದ ಪ್ರಾಸ್ಟಗ್ಲಾಂಡಿನ್, ಹೆಪ್ಪುಗಟ್ಟದ ರಕ್ತ ಈ ಮೂರೂ ಒಂದೆಡೆ ಸೇರುತ್ತವೆ. ಡೆಂಗಿ ಜ್ವರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಇಂಥ ಜ್ವರಗಳಲ್ಲಿ ವೈದ್ಯರು ಪ್ಯಾರಸಿಟಮಾಲನ್ನೇ ಮಿತವಾದ ಪ್ರಮಾಣದಲ್ಲಿ ಸೂಚಿಸುವುದು ಈ ಕಾರಣದಿಂದ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ವ್ಯಾವಹಾರಿಕ ತೀರ್ಮಾನಗಳು ತಾವಾಗಿ ಹೊರಡುತ್ತವೆ. ಹಿರಿಯರ ಕೀಲುನೋವಿಗೆ ಪ್ಯಾರಸಿಟಮಾಲ್, ಹೊರಗೆ ಹಚ್ಚುವ ಮುಲಾಮು, ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಇವು ಮೊದಲ ಹೆಜ್ಜೆಗಳಾಗಬೇಕು. ಉರಿಯೂತ ನಿವಾರಕ ಗುಳಿಗೆ ಅನಿವಾರ್ಯವಾದರೆ ವೈದ್ಯರ ಸಲಹೆಯಂತೆ ಕನಿಷ್ಠ ಪ್ರಮಾಣದಲ್ಲಿ, ಕನಿಷ್ಠ ದಿನಗಳವರೆಗೆ, ಜಠರದ ರಕ್ಷಕ ಔಷಧದೊಡನೆ ಸೇವಿಸಬೇಕು. ಎರಡು ಬಗೆಯ ನೋವಿನ ಗುಳಿಗೆಗಳನ್ನು ಕೂಡಿಸಬಾರದು. ಆಮ್ಲ ತಡೆಯುವ ಗುಳಿಗೆಯನ್ನೂ ವರ್ಷಗಟ್ಟಲೆ ತಾವಾಗಿ ಮುಂದುವರಿಸದೆ ಆಗಾಗ ಅದರ ಅಗತ್ಯವನ್ನು ವೈದ್ಯರೊಡನೆ ಪರಿಶೀಲಿಸಬೇಕು. ಹಿಂದೆ ಹುಣ್ಣಾಗಿದ್ದವರು ಪೈಲೋರಿ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಹೊಗೆಸೊಪ್ಪು, ಮದ್ಯಗಳನ್ನು ಬಿಡುವುದರಿಂದ ದುರಸ್ತಿಯ ಕೆಲಸಕ್ಕೆ ಬಲ ಬರುತ್ತದೆ. ಮಲ ಕಪ್ಪಾದರೆ ನೋವಿಗಾಗಿ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಆಯುರ್ವೇದ ಆಯುಷ್ಯದ ನಡುಭಾಗವನ್ನು ಪಿತ್ತಕ್ಕೂ ಕೊನೆಯ ಭಾಗವನ್ನು ವಾತಕ್ಕೂ ಒಪ್ಪಿಸಿದೆ. ಆಧುನಿಕ ಶಾಸ್ತ್ರದ ಪರಿಭಾಷೆ ಬೇರೆಯಾದರೂ, ಮುಪ್ಪಿನ ದೇಹವನ್ನು ನಡುವಯಸ್ಸಿನ ಅಳತೆಗೋಲಿನಿಂದ ಅಳೆಯಬಾರದೆಂಬ ಎಚ್ಚರ ಎರಡಕ್ಕೂ ಸಮಾನ. ನಲವತ್ತರಲ್ಲಿ ತಡೆದುಕೊಂಡ ಗುಳಿಗೆಯನ್ನು ಎಪ್ಪತ್ತರಲ್ಲೂ ಹೊಟ್ಟೆ ತಡೆದುಕೊಂಡೀತು ಎಂಬ ನೆಚ್ಚಿಕೆಯೇ ಅನೇಕ ಅನಾಹುತಗಳ ಮೂಲ. ಗುಳಿಗೆ ಅದೇ, ಪ್ರಮಾಣವೂ ಅದೇ. ಅದನ್ನು ಬರಮಾಡಿಕೊಳ್ಳುವ ಒಳಪೊರೆ ಮಾತ್ರ ಅಂದಿನದಲ್ಲ.